ಅಳತೆಗೋಲಿನ ಕೆಳಗಿನ ಕೂಸು

ಬಿಡದಿಯ ವಂಡರ್‌ಲಾ ಪಾರ್ಕಿನಲ್ಲಿ ಮಕ್ಕಳ ಟಿಕೆಟ್ ನಿಗದಿಯಾಗುವುದು ಎತ್ತರ ನೋಡಿ. 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ ಎಂಬುದು ಅಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಂತೆ ಎರಡು ವರ್ಷ ತುಂಬಿದ ಗಂಡುಮಗುವಿನ ಮಧ್ಯಮ ಎತ್ತರ 87 ಸೆಂಟಿಮೀಟರ್, ಹೆಣ್ಣುಮಗುವಿನದು 86ರ ಸುಮಾರು. ಅಂದರೆ ಎರಡು ವರ್ಷದೊಳಗಿನ ಬಹುತೇಕ ಕೂಸುಗಳು ಪುಕ್ಕಟೆ ಒಳಗೆ ಹೋಗುತ್ತವೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಮೂರು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ತಂದೆ-ತಾಯಿಗೆ ಇದು ಲಾಭವಾಗಿ ಕಾಣುತ್ತದೆ. ಈಗಲೇ ಹೋಗಿಬಂದರಾಯಿತು, ದೊಡ್ಡದಾದ ಮೇಲೆ ಅದಕ್ಕೂ ಟಿಕೆಟ್ ತೆಗೆಯಬೇಕಲ್ಲ! ವ್ಯಾಪಾರಿಯ ಲೆಕ್ಕ ಬೇರೆ ಇದೆ. ಊಟಕ್ಕೆ, ಈಜುಡುಗೆಗೆ, ಸಾಮಾನು ಇಡುವ ಲಾಕರಿಗೆ ಪ್ರತ್ಯೇಕ ದುಡ್ಡು ಎಣಿಸಿಕೊಳ್ಳುವ ಧಂದೆ ಒಬ್ಬ ಗಿರಾಕಿಯನ್ನು ಬಿಟ್ಟಿಯಾಗಿ ಒಳಗೆ ಬಿಡುತ್ತಿದ್ದರೆ, ಆ ಗಿರಾಕಿಗೆ ಮಾರುವಂಥದ್ದು ತಮ್ಮಲ್ಲಿ ಹೆಚ್ಚೇನೂ ಇಲ್ಲವೆಂಬುದು ಅವರಿಗೆ ಗೊತ್ತಿದೆ ಎಂದೇ ಅರ್ಥ. ಮೆಲ್ಲಗೆ ತಿರುಗುವ ಒಂದೆರಡು ಪುಟ್ಟ ಚಕ್ರಗಳು, ಮೊಣಕಾಲುದ್ದದ ನೀರಿನ ಒಂದು ಕೊಳ, ಅಷ್ಟೇ ಕೂಸಿನ ಪಾಲು. ಉಳಿದ ಲೋಕವೆಲ್ಲ ಅಳತೆಗೋಲಿನ ಗೆರೆ ದಾಟಿದವರದು.

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯಿಂದ ಬೇಸಿಗೆ ರಜೆಯಲ್ಲಿ ಇಂಥ ಪ್ರವಾಸಕ್ಕೆ ಹೊರಡುವ ಮನೆಗಳು ಈಗ ಕಡಿಮೆಯೇನಲ್ಲ. ರಾತ್ರಿ ಬಸ್ಸು, 450 ಕಿಲೋಮೀಟರಿನ ಆಸುಪಾಸಿನ ದಾರಿ, ಬೆಳಗಿನ ಜಾವ ಬೆಂಗಳೂರು, ಅಲ್ಲಿಂದ ಮೈಸೂರು ರಸ್ತೆ ಹಿಡಿದು ಬಿಡದಿ. ತಮಾಷೆಯೆಂದರೆ ಅದೇ ರಾತ್ರಿ ಅದೇ ಹೆದ್ದಾರಿಯಲ್ಲಿ ಬೆಂಗಳೂರಿನ ಸಂಸಾರಗಳು ತಮ್ಮ ಕೂಸುಗಳನ್ನು ಕಟ್ಟಿಕೊಂಡು ದಾಂಡೇಲಿಯ ಕಡೆಗೆ ಬರುತ್ತಿರುತ್ತವೆ. ನಾವು ಅವರ ಜಾರುಬಂಡಿ ನೋಡಲು ಹೋಗುತ್ತೇವೆ, ಅವರು ನಮ್ಮ ನದಿ ನೋಡಲು ಬರುತ್ತಾರೆ.

ಬಂದವರು ನೋಡುವುದು ನದಿಯನ್ನೇ ಎಂದು ನಾನು ಎದೆ ತಟ್ಟಿ ಹೇಳಲಾರೆ. ಈ ಹತ್ತು ಹದಿನೈದು ವರ್ಷಗಳಲ್ಲಿ ದಾಂಡೇಲಿಯಿಂದ ಗಣೇಶಗುಡಿಯವರೆಗಿನ ಸೀಮೆ ಕಂಪೌಂಡಿಲ್ಲದ ಥೀಮ್ ಪಾರ್ಕೇ ಆಗಿಬಿಟ್ಟಿದೆ. ಹೋಮ್‌ಸ್ಟೇ, ರೆಸಾರ್ಟುಗಳ ಪ್ಯಾಕೇಜು ಹೇಗಿರುತ್ತದೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ರಾಫ್ಟಿಂಗ್, ಕಯಾಕಿಂಗ್, ಜಿಪ್‌ಲೈನ್, ಜಾರ್ಬಿಂಗ್, ಬಂಡೆಗಳ ನಡುವೆ ಹರಿಯುವ ನೀರಲ್ಲಿ ಬೆನ್ನು ಕೊಟ್ಟು ಕೂರುವ ‘ನ್ಯಾಚುರಲ್ ಜಕೂಜಿ’, ಸಂಜೆ ಡಿಜೆ ಹಾಕಿ ರೇನ್ ಡ್ಯಾನ್ಸ್, ರಾತ್ರಿ ಕ್ಯಾಂಪ್‌ಫೈರ್. ಸೂಪಾ ಎಂಬ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಅಲ್ಲಿಯ ಜನ ಜೋಯಿಡಾ ಕಡೆಯ ರಾಮನಗರಕ್ಕೆ ಗಂಟುಮೂಟೆ ಕಟ್ಟಿದ್ದು ನಮ್ಮ ಹಿರಿಯರಿಗೆ ಇನ್ನೂ ಕಣ್ಣಮುಂದಿದೆ. ಪ್ಯಾಕೇಜಿನಲ್ಲಿ ಮಾತ್ರ ಅದು ‘ಬ್ಯಾಕ್‌ವಾಟರ್ ವ್ಯೂ’. ಇರಲಿ, ಅದು ಬೇರೆಯೇ ಲೇಖನದ ಮಾತು. ಇಲ್ಲಿ ಹೇಳಬೇಕಾದ್ದು ಇಷ್ಟು: ಈ ಪಟ್ಟಿಯಲ್ಲಿ ಎರಡು ವರ್ಷದ ಕೂಸಿಗೆ ಹೊಂದುವ ಒಂದೇ ಒಂದು ಬಾಬು ಇಲ್ಲ.

ಆದರೂ ಕೂಸು ಬಂದಿರುತ್ತದೆ. ಭಾನುವಾರ ಬೆಳಿಗ್ಗೆ ಗಣೇಶಗುಡಿಯಲ್ಲಿ ರಾಫ್ಟ್ ಇಳಿಯುವ ದಡಕ್ಕೆ ಹೋದರೆ ಕಾಣುತ್ತದೆ. ಮೇಲೆ ಸೂಪಾ ಅಣೆಕಟ್ಟಿನ ವಿದ್ಯುದಾಗಾರ ನೀರು ಬಿಟ್ಟಾಗ ಕಾಳಿ ನದಿ ಏರುತ್ತದೆ, ಆಗ ರಾಫ್ಟ್‌ಗಳು ಸಾಲಾಗಿ ಹೊರಡುತ್ತವೆ. ಒಮ್ಮೆ ಹೀಗೇ ನೋಡುತ್ತ ನಿಂತಿದ್ದೆ. ಲೈಫ್ ಜಾಕೆಟ್ ತೊಟ್ಟು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ ತಾಯಿಯೊಬ್ಬಳು ನೀರಿಗೆ ಕಾಲಿಡುವಷ್ಟರಲ್ಲಿ ದಡದ ಮೇಲಿದ್ದ ಕೂಸು ಕಿಟಾರನೆ ಕಿರುಚಿತು. ಆಕೆ ಎರಡು ಸಲ ಹಿಂತಿರುಗಿ ನೋಡಿದಳು, ಆಮೇಲೆ ಜಾಕೆಟ್ ಬಿಚ್ಚಿ ಕೊಟ್ಟು ಮೇಲೆ ಬಂದಳು. ಗಂಡ, ಮೈದುನ, ಅವರ ಗೆಳೆಯರು ಹೋದರು. ಪಕ್ಕದಲ್ಲಿ ಗದಗದ ಕಡೆಯ ಇನ್ನೊಂದು ಸಂಸಾರದ ಅಜ್ಜಿ, ಮೊಮ್ಮಗನೊಂದಿಗೆ ಉಸುಕಿನಲ್ಲಿ ಆರಾಮಾಗಿ ಕೂತಿದ್ದಳು. ಆ ಹುಡುಗ ಖಾಲಿ ನೀರಿನ ಬಾಟಲಿಯೊಳಗೆ ಒಂದೊಂದೇ ಹರಳು ಹಾಕುತ್ತಿದ್ದ. ತುಂಬಿದ ಮೇಲೆ ಬುಡಮೇಲು ಮಾಡಿ ಸುರಿಯುವುದು, ಸದ್ದಿಗೆ ನಗುವುದು, ಮತ್ತೆ ಮೊದಲಿಂದ ಹಾಕುವುದು. ‘ಹೋಗವರ ಹೋಗಿ ಕುಣದ ಬರ್ಲಿ ಬಿಡ್ರಿ, ನಂದೂ ಇದರದೂ ಇಲ್ಲೇ ಛಲೋ ನಡದೈತಿ’ ಅಂದಳು ಅಜ್ಜಿ. ರಾಫ್ಟ್‌ಗಳು ಕೆಳಗೆ ಮುಟ್ಟಿ ಜನ ಜೀಪಿನಲ್ಲಿ ವಾಪಸಾಗುವವರೆಗೂ ಹುಡುಗನ ಹರಳಿನ ಕೆಲಸ ನಿಂತಿರಲಿಲ್ಲ.

ಇಂಥ ಪ್ರವಾಸಗಳ ವಿರುದ್ಧ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ ಒಂದೇ. ‘ಅಷ್ಟು ಸಣ್ಣ ಕೂಸಿಗೆ ಏನು ನೆನಪಿರುತ್ತದೆ? ಸುಮ್ಮನೆ ದುಡ್ಡು ದಂಡ.’ ಮನೆಯ ಹಿರಿಯರು ಹೇಳುವ ಈ ಮಾತು ಕೇಳಲು ಸರಿಯೆನಿಸಿದರೂ ವಾದವಾಗಿ ಬಹಳ ಸೊರಗಿದ್ದು. ದೊಡ್ಡವರ ಮೊಟ್ಟಮೊದಲ ನೆನಪು ಸರಾಸರಿ ಮೂರು-ಮೂರೂವರೆ ವರ್ಷದ ಆಚೀಚಿನದು ಎಂಬುದು ಮನೋವಿಜ್ಞಾನದಲ್ಲಿ ಹಳೆಯ ಸಂಗತಿ, ನಿಜ. ಆದರೆ 2025ರ ಮಾರ್ಚಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಇದಕ್ಕೆ ಹೊಸ ತಿರುವು ಕೊಟ್ಟಿತು. ಎರಡು ವರ್ಷದವರೆಗಿನ ಮಕ್ಕಳಿಗೆ ಎಚ್ಚರವಿದ್ದಾಗಲೇ ಚಿತ್ರಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದ ಸಂಶೋಧಕರು, ಹಿಪೊಕ್ಯಾಂಪಸ್ ಎಂಬ ನೆನಪಿನ ಭಾಗ ವರ್ಷದ ಸುಮಾರಿಗೇ ಅನುಭವಗಳನ್ನು ದಾಖಲಿಸತೊಡಗುತ್ತದೆ ಎಂಬುದಕ್ಕೆ ಕುರುಹು ಕಂಡರು. ದಾಖಲಾದದ್ದು ಮುಂದೆ ಕೈಗೆ ಯಾಕೆ ಸಿಗುವುದಿಲ್ಲ ಎಂಬುದು ಈಗಿನ ಪ್ರಶ್ನೆ. ಅದೇನೇ ಇರಲಿ, ನೆನಪಿರದ್ದೆಲ್ಲ ದಂಡವೆಂದರೆ ಜೋಗುಳವೂ ದಂಡ, ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆದದ್ದೂ ದಂಡ. ಕೂಸು ಸಂತೋಷಪಟ್ಟ ಹೊತ್ತಿಗೆ ಬೇರೆ ರಸೀದಿ ಬೇಕಿಲ್ಲ.

ಹಾಗಾದರೆ ಎದುರು ಪಕ್ಷದವರು ಗೆದ್ದರೇ? ಇಲ್ಲ. ‘ಕೂಸಿಗೋಸ್ಕರ ಹೋಗ್ತಾ ಇದ್ದೇವೆ’ ಎನ್ನುವ ಅವರ ಮಾತು ನನಗೆ ಇನ್ನೂ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಸಂತೋಷಪಟ್ಟ ಹೊತ್ತು ಮುಖ್ಯವೆಂದಾದರೆ, ಆ ಹೊತ್ತು ಎಲ್ಲಿ ಸಿಕ್ಕಿತೆಂದು ನೋಡಬೇಕಲ್ಲ. ಎರಡು ವರ್ಷದ ಮಗುವಿನ ಖುಷಿ ಬಹುಪಾಲು ಗುರುತು ಹಿಡಿಯುವುದರಲ್ಲಿದೆ. ಕಂಡದ್ದನ್ನೇ ಮತ್ತೆ ಕಾಣುವುದು, ಅದಕ್ಕೊಂದು ಹೆಸರು ಕೂಗುವುದು, ಮಾಡಿದ್ದನ್ನೇ ಇನ್ನೊಮ್ಮೆ ಮಾಡುವುದು. ಥೀಮ್ ಪಾರ್ಕಿನ ಬಂಡವಾಳ ಇದಕ್ಕೆ ತದ್ವಿರುದ್ಧ. ಎಂದೂ ಕಾಣದ ಎತ್ತರ, ಎಂದೂ ಕೇಳದ ಸದ್ದು, ಮುಖವಾಡ ಹಾಕಿಕೊಂಡು ಕೈಕುಲುಕಲು ಬರುವ ಆಳೆತ್ತರದ ಕರಡಿ. ಹತ್ತು ವರ್ಷದ ಹುಡುಗಿ ಇದಕ್ಕೆ ಕೇಕೆ ಹಾಕುತ್ತಾಳೆ, ಎರಡು ವರ್ಷದ ತಮ್ಮ ಅಪ್ಪನ ಹೆಗಲಿಗೆ ಮುಖ ಒತ್ತಿಕೊಳ್ಳುತ್ತಾನೆ. ಅವನು ಅಂಜುಬುರುಕ ಎಂದುಕೊಳ್ಳಬೇಕಾಗಿಲ್ಲ, ಆ ವಯಸ್ಸಿಗೆ ಅಂಜಬೇಕಾದ್ದಕ್ಕೆ ಅಂಜಿದ್ದಾನೆ ಅಷ್ಟೇ.

ಮುಂಡಗೋಡದವರಿಗೆ ಗಡಿ ದಾಟಿದರೆ ಶಿಗ್ಗಾವಿ ತಾಲ್ಲೂಕು, ಅಲ್ಲಿ ಹೆದ್ದಾರಿಯ ಪಕ್ಕದ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. 2020ರಲ್ಲಿ ತೀರಿಕೊಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಕೂಸು ಅದು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ನಿಜದ ಅಳತೆಯ ಮೂರ್ತಿಗಳಲ್ಲಿ ನಿಲ್ಲಿಸಿದ್ದಾರೆ: ಹಿಂಡಿಗೆ ಬಾಯಿ ಹಾಕಿದ ದನ, ಕಟ್ಟೆಯ ಮೇಲೆ ಕೂತ ಹಿರಿಯರು, ಕೆಲಸದಲ್ಲಿ ಮಗ್ನರಾದ ಹೆಂಗಸರು. ಒಂದೇ ವಿಷಯದ ಸುತ್ತ ಕಟ್ಟಿದ ಲೋಕವೇ ಥೀಮ್ ಪಾರ್ಕ್ ಎನ್ನುವುದಾದರೆ ನಮ್ಮ ಸೀಮೆಗೆ ಹತ್ತಿರದ ಅಪ್ಪಟ ಥೀಮ್ ಪಾರ್ಕ್ ಇದೇ. ಅಲ್ಲಿ ಸಣ್ಣ ಮಕ್ಕಳನ್ನು ಗಮನಿಸಿ. ಮನೆಯಲ್ಲಿ ನಿಜವಾದ ಎಮ್ಮೆ ಇರುವ ಹಳ್ಳಿಯ ಕೂಸೂ ಸಿಮೆಂಟಿನ ಎಮ್ಮೆ ಕಂಡ ಕೂಡಲೇ ‘ಅಂಬಾ’ ಎಂದು ಓಡುತ್ತದೆ, ಮೂಗು ಮುಟ್ಟುತ್ತದೆ, ಅದು ಅಲುಗುವುದಿಲ್ಲವೆಂದು ಗೊತ್ತಾದಾಗ ಇನ್ನಷ್ಟು ಧೈರ್ಯದಿಂದ ಕಿವಿ ಹಿಡಿಯುತ್ತದೆ. ಗುರುತೂ ಉಂಟು, ಒಂದಿಷ್ಟು ಹೊಸತೂ ಉಂಟು. ಇದಕ್ಕೆ ವೇಗ, ಎತ್ತರ, ಡಿಜೆ ಯಾವುದೂ ಬೇಕಾಗಿಲ್ಲ. ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನ ಮಠಗಳ ವಿಶಾಲ ಅಂಗಳದಲ್ಲೂ ಇದೇ ಆಗುತ್ತದೆ. ದೊಡ್ಡವರು ಬುದ್ಧನ ಮೂರ್ತಿ ನೋಡುತ್ತಿದ್ದರೆ ಕೂಸು ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಸುಖವಾಗಿರುತ್ತದೆ.

ಇನ್ನು ಮೈಯ ಮಾತು. ಒಂದರಿಂದ ಎರಡು ವರ್ಷದ ಮಗು ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಮಾಡಬೇಕು, ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಕಟ್ಟಿಹಾಕಿ ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಹಳಿಯಾಳದಿಂದ ಬಿಡದಿಗೆ ಹೋಗಿಬರುವ ಲೆಕ್ಕದಲ್ಲಿ ಈ ಎರಡೂ ಸಾಲುಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಯಾರಾದರೂ ಹೇಳಿಕೊಡಲಿ. ರಾತ್ರಿಯೆಲ್ಲ ಬಸ್ಸಿನ ಕುಲುಕಾಟ, ಬೆಳಿಗ್ಗೆ ಸಾಲಿನಲ್ಲಿ ಬಿಸಿಲು, ಮಧ್ಯಾಹ್ನ ಮಲಗಬೇಕಾದ ಹೊತ್ತಿಗೆ ಮೈಕಿನ ಗದ್ದಲ. ಸಂಜೆ ನಾಲ್ಕರ ಹೊತ್ತಿಗೆ ಕೂಸು ರಚ್ಚೆ ಹಿಡಿಯುತ್ತದೆ. ‘ಇಷ್ಟು ಖರ್ಚು ಮಾಡಿ ಕರಕೊಂಡು ಬಂದರೆ ಇದರ ಹಟ ನೋಡ್ರಿ’ ಎಂದು ಅಪ್ಪ ಗದರುತ್ತಾನೆ. ಹಟ ಅದರದ್ದಲ್ಲ ಎಂಬುದು ಆ ಸಾಲಿನಲ್ಲಿ ನಿಂತ ಇತರರಿಗೆಲ್ಲ ಗೊತ್ತು.

ನೀರಿನ ಬಗ್ಗೆ ಮಾತ್ರ ಕಟುವಾಗಿಯೇ ಹೇಳುತ್ತೇನೆ. ಜಗತ್ತಿನಲ್ಲಿ ನೀರಿಗೆ ಬಿದ್ದು ಸಾಯುವವರ ಪ್ರಮಾಣ ಎಲ್ಲಕ್ಕಿಂತ ಹೆಚ್ಚಿರುವುದು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ. ಸಿನಿಮಾದಲ್ಲಿ ತೋರಿಸುವಂತೆ ಕೈಕಾಲು ಬಡಿದು ಕೂಗುವುದಿಲ್ಲ ಅವು, ಸದ್ದಿಲ್ಲದೆ ಮುಳುಗುತ್ತವೆ, ಮೊಣಕಾಲುದ್ದದ ನೀರೂ ಸಾಕು. ದೊಡ್ಡ ಪಾರ್ಕುಗಳಲ್ಲಿ ಕೊಳದ ಪಕ್ಕ ಸೀಟಿ ಹಿಡಿದ ಕಾವಲುಗಾರರಾದರೂ ಇರುತ್ತಾರೆ. ನಮ್ಮ ಕಡೆಯ ಸಣ್ಣಪುಟ್ಟ ಹೋಮ್‌ಸ್ಟೇಗಳಲ್ಲಿ ಅಂಗಳಕ್ಕೂ ಈಜುಕೊಳಕ್ಕೂ ನಡುವೆ ಬೇಲಿಯೇ ಇಲ್ಲದ ಜಾಗಗಳನ್ನು ಕಂಡಿದ್ದೇನೆ. ದೊಡ್ಡವರು ಊಟದ ಪಂಕ್ತಿಯಲ್ಲಿ, ಕೂಸು ಯಾರದೋ ಜೊತೆಗಿದೆ ಎಂದು ಎಲ್ಲರೂ ಅಂದುಕೊಂಡಿರುವ ಆ ಐದು ನಿಮಿಷ ಇದೆಯಲ್ಲ, ಅದೇ ಅಪಾಯದ ಹೊತ್ತು. ದಾಂಡೇಲಿ ಹತ್ತಿರದ ಮೌಳಂಗಿಯ ಹೊಳೆ ದಂಡೆಯಲ್ಲೂ ಇದೇ ಎಚ್ಚರ ಬೇಕು. ಕಾಳಿಯ ಮಟ್ಟವನ್ನು ಮಳೆಯ ಜೊತೆಗೆ ಮೇಲಿನ ಕರೆಂಟಿನ ಬೇಡಿಕೆಯೂ ಏರಿಸಿ ಇಳಿಸುತ್ತದೆಂದು ಹೊರಗಿನವರಿಗೆ ತಿಳಿದಿರುವುದಿಲ್ಲ, ಮೋಡವಿಲ್ಲದ ದಿನವೂ ಹೊಳೆ ಏರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದರೆ ಕೂಸು ಹುಟ್ಟಿದವರು ಮನೆಯಲ್ಲೇ ಬಿದ್ದಿರಬೇಕೇ’ ಎಂದು ಕೇಳಬಹುದು. ಕೇಳಬೇಕು. ನಮ್ಮ ಜನ ಎಂದೂ ಹಾಗೆ ಬಿದ್ದಿರಲಿಲ್ಲ. ಜೋಯಿಡಾ ತಾಲ್ಲೂಕಿನ ಉಳವಿಗೆ ಮಾಘ ಮಾಸದ ಚನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಹಳ್ಳಿಗಳಿಂದ ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ದಿನಗಟ್ಟಲೆ ದಾರಿ, ಕಾಡಿನ ಏರುಇಳಿವು, ಬುತ್ತಿಗಂಟು, ಎತ್ತಿನ ಮೇವು, ಎಲ್ಲದರ ನಡುವೆ ಹುಲ್ಲಿನ ಮೆತ್ತೆಯ ಮೇಲೆ ಮೊಲೆಗೂಸುಗಳೂ ಬರುತ್ತವೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಾದಾಗ ಮುಂಡಗೋಡದ ಕಡೆಯಿಂದ ಕಂಕುಳಲ್ಲಿ ಕೂಸು ಇಲ್ಲದೆ ಹೋಗುವ ಮನೆಗಳೇ ಕಡಿಮೆ. ಜಾತ್ರೆಯಲ್ಲೂ ತೊಟ್ಟಿಲು ತಿರುಗುತ್ತದೆ, ಪೀಪಿ ಊದುತ್ತಾರೆ, ಧೂಳು ಏಳುತ್ತದೆ, ಮೈಕಿನಲ್ಲಿ ಕಳೆದುಹೋದ ಮಕ್ಕಳ ಅಂಗಿಯ ಬಣ್ಣ ಕೂಗುತ್ತಲೇ ಇರುತ್ತಾರೆ. ಜಾತ್ರೆ ಕೂಸಿಗೆ ಪಾರ್ಕಿಗಿಂತ ಸುರಕ್ಷಿತವೆಂದು ನಾನು ಹೇಳಹೊರಟಿಲ್ಲ.

ಒಂದು ವ್ಯತ್ಯಾಸವಂತೂ ಇದೆ, ಅದೇ ಈ ಲೇಖನದ ತಿರುಳು. ಜಾತ್ರೆಗೆ ಹೋಗುವವರು ಕೂಸಿನ ಹೆಸರಲ್ಲಿ ಹೋಗುವುದಿಲ್ಲ. ದೇವರಿಗೆ ಹೋಗುತ್ತಾರೆ, ಹರಕೆಗೆ ಹೋಗುತ್ತಾರೆ, ತವರಿನವರನ್ನು ಕಾಣಲು ಹೋಗುತ್ತಾರೆ, ಎತ್ತು ನೋಡಲು, ಬಳೆ ಇಡಿಸಿಕೊಳ್ಳಲು ಹೋಗುತ್ತಾರೆ. ಕೂಸು ಜೊತೆಗಿರುತ್ತದೆ. ಅದು ನಗಲೇಬೇಕೆಂದು, ಫೋಟೋಕ್ಕೆ ಮುಖ ಕೊಡಲೇಬೇಕೆಂದು, ಕೊಟ್ಟ ದುಡ್ಡಿನಷ್ಟು ಖುಷಿ ಪಡಲೇಬೇಕೆಂದು ಯಾರೂ ಕಾದು ಕೂತಿರುವುದಿಲ್ಲ. ನಿದ್ದೆ ಬಂದರೆ ಅತ್ತೆಯ ತೊಡೆಯುಂಟು, ಅತ್ತರೆ ದೊಡ್ಡಮ್ಮನ ಹೆಗಲುಂಟು, ಒಬ್ಬರ ಕೈ ಸೋತರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಥೀಮ್ ಪಾರ್ಕಿನ ಪ್ರವಾಸದಲ್ಲಿ ಕೂಸು ನೆಪ. ಇಬ್ಬರೇ ದೊಡ್ಡವರು, ಒಂದೇ ದಿನ, ದುಬಾರಿ ಟಿಕೆಟ್ಟು, ‘ಇದೆಲ್ಲ ನಿನಗಾಗಿ’ ಎಂಬ ಹೊರೆ ಹತ್ತೋ ಹನ್ನೆರಡೋ ಕಿಲೋ ತೂಗುವ ಜೀವದ ಮೇಲೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳು ತಮ್ಮ ಕೂಸಿಗೆ ಮೂರು ತುಂಬುವ ಮೊದಲೇ ಒರ್ಲ್ಯಾಂಡೊದ ಡಿಸ್ನಿ ಪಾರ್ಕಿಗೆ ಹೋಗಿಬರಬೇಕೆಂದು ಅವಸರ ಪಡುವುದನ್ನು, ಬಾಣಂತನಕ್ಕೆಂದು ಹೋದ ಅಜ್ಜ-ಅಜ್ಜಿ ಅಲ್ಲಿ ದಿನವಿಡೀ ತಳ್ಳುಗಾಡಿ ತಳ್ಳಿ ಸುಸ್ತಾದ ಕತೆಗಳನ್ನು ಕೇಳಿದಾಗಲೂ ಇದೇ ಅನಿಸುತ್ತದೆ.

ನೆಪವನ್ನು ಬಿಟ್ಟುಕೊಟ್ಟರೆ ಒಳಗಿನ ನಿಜ ಹೊರಬೀಳುತ್ತದೆ. ಹೊರಗೆ ಹೋಗಬೇಕಾದ್ದು ದೊಡ್ಡವರಿಗೆ, ಅದರಲ್ಲೂ ತಾಯಿಗೆ. ಬಸಿರು, ಬಾಣಂತನ, ಎದೆಹಾಲು, ಅರೆನಿದ್ದೆ ಎಂದು ಎರಡು-ಎರಡೂವರೆ ವರ್ಷ ಮನೆಯ ಗೋಡೆಗಳನ್ನೇ ನೋಡಿದವಳಿಗೆ ‘ಮಗು ದೊಡ್ಡದಾಗಲಿ, ಆಮೇಲೆ ನೋಡೋಣ’ ಎನ್ನುವುದು ಕ್ರೌರ್ಯ. ಅಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ‘ನನಗೆ ಹೊಳೆಯಲ್ಲಿ ಕುಣಿಯಬೇಕು’ ಎಂದು ಆಕೆ ನೇರವಾಗಿ ಹೇಳಲಾಗದೆ ಕೂಸಿನ ಹೆಸರಿನಲ್ಲಿ ಹೊರಡಬೇಕಾಗಿ ಬಂದಿರುವುದೇ ನಮ್ಮ ಮನೆಗಳ ದೋಷ. ಹೊರಟ ಮೇಲೂ ದಡದಲ್ಲಿ ಕೂರುವವಳು ಅವಳೇ. ವಾಲ್ಟ್ ಡಿಸ್ನಿ ತನ್ನ ಪಾರ್ಕಿನ ಯೋಚನೆ ಹುಟ್ಟಿದ್ದು ಹೇಗೆಂದು ಹೇಳಿಕೊಂಡದ್ದು ಇಲ್ಲಿ ನೆನಪಾಗುತ್ತದೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳಿಬ್ಬರು ಕುದುರೆಗೊಂಬೆಗಳ ಚಕ್ರದಲ್ಲಿ ತಿರುಗುತ್ತಿದ್ದಾಗ ಆತ ಬೆಂಚಿನ ಮೇಲೆ ಸುಮ್ಮನೆ ಕೂತಿರಬೇಕಾಗುತ್ತಿತ್ತಂತೆ, ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗವೊಂದು ಬೇಕೆನಿಸಿತಂತೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಬೆಂಚಿನ ಮೇಲೆ ಕೂತವರ ಬೇಸರದಿಂದ ಹುಟ್ಟಿದ ಧಂದೆಯಲ್ಲಿ ಇಷ್ಟು ವರ್ಷವಾದರೂ ಯಾರಾದರೊಬ್ಬರು ಬೆಂಚಿನ ಮೇಲೆ ಕೂತೇ ಇದ್ದಾರೆ.

ಡಿಸ್ನಿಯವರು ಅದಕ್ಕೊಂದು ಉಪಾಯವನ್ನೂ ಮಾಡಿಕೊಂಡಿದ್ದಾರೆ. ಸಣ್ಣ ಮಗುವಿದ್ದರೆ ಒಬ್ಬರು ಆಟಕ್ಕೆ ಹೋಗಿಬರುವ ತನಕ ಇನ್ನೊಬ್ಬರು ಮಗುವಿನೊಂದಿಗೆ ನಿಂತಿದ್ದು, ಆಮೇಲೆ ಮತ್ತೆ ಸಾಲು ಹಿಡಿಯದೆ ಅವರೂ ಹೋಗಬಹುದು. ಕಾಳಿ ನದಿಯಲ್ಲಿ ಇದನ್ನು ಮಾಡಲು ಏನು ಅಡ್ಡಿ? ರಾಫ್ಟ್‌ಗಳು ಹೇಗೂ ಬ್ಯಾಚುಗಳಲ್ಲಿ ಇಳಿಯುತ್ತವೆ. ಅಪ್ಪ ಮೊದಲ ಬ್ಯಾಚು, ಅಮ್ಮ ಎರಡನೆಯದು. ಅಥವಾ ತಿರುಗಿಸಿ, ಮೊದಲು ಅಮ್ಮ.

ಮನೆಯವರಿಗೆ ನನ್ನ ಸಲಹೆ ಸರಳ. ಮೂರರ ಒಳಗಿನ ಕೂಸಿದ್ದರೆ ದೂರದ ಪಾರ್ಕನ್ನು ನಾಲ್ಕೈದು ವರ್ಷ ಮುಂದಕ್ಕೆ ಹಾಕಿ, ಆಗ ಅಳತೆಗೋಲಿನ ಕೆಲವು ಗೆರೆಗಳನ್ನಾದರೂ ಅದು ತಾನಾಗಿ ದಾಟಿರುತ್ತದೆ. ಈಗ ಹತ್ತಿರದಲ್ಲಿ ಹೋಗಿ, ಅರ್ಧ ದಿನಕ್ಕೆ ಹೋಗಿ, ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಕರಕೊಂಡು ಹೋಗಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆರು ವರ್ಷದೊಳಗಿನ ಮಕ್ಕಳಿಗೆ ಮೊದಲಿನಿಂದಲೂ ಇಲ್ಲ. ಅಜ್ಜಿ, ಅವ್ವ, ಕೂಸು ಮೂವರೂ ಬಸ್ಸಿಗೆ ಕಾಸು ಖರ್ಚಿಲ್ಲದೆ ಉಳವಿಗೋ ಹುಬ್ಬಳ್ಳಿಯ ಗಾಜಿನ ಮನೆಯ ತೋಟಕ್ಕೋ ಹೋಗಿ ಸಂಜೆಯೊಳಗೆ ಮನೆ ಸೇರಬಹುದು. ಕೂಸಿಗೆ ಮಧ್ಯಾಹ್ನದ ನಿದ್ದೆಯ ಹೊತ್ತು ತಪ್ಪದಿದ್ದರೆ ಪ್ರವಾಸ ಗೆದ್ದಂತೆ.

ರೆಸಾರ್ಟು, ಹೋಮ್‌ಸ್ಟೇ ಮಾಲೀಕರಿಗೂ ಒಂದು ಮನವಿ ಇದೆ. ನಿಮ್ಮಲ್ಲಿಗೆ ಬರುವ ಸಂಸಾರಗಳಲ್ಲಿ ಅನೇಕರ ಮಡಿಲಲ್ಲಿ ಕೂಸಿದೆ. ಈಜುಕೊಳಕ್ಕೆ ಬೇಲಿ ಕಟ್ಟಿ ಚಿಲಕವಿರುವ ಗೇಟು ಹಾಕಿಸಿ, ರಾಫ್ಟ್ ಇಳಿಯುವ ದಡದಲ್ಲಿ ನೆರಳು ಮಾಡಿ, ತಾಯಂದಿರು ಮರೆಯಲ್ಲಿ ಹಾಲುಣಿಸಲು ಒಂದು ಕೋಣೆ ಬಿಡಿ, ರಾತ್ರಿ ಒಂಬತ್ತಕ್ಕೆ ಡಿಜೆ ನಿಲ್ಲಿಸಿ, ದಡದಲ್ಲಿ ಉಳಿದ ತಾಯಿಗೆ ಎರಡನೇ ಬ್ಯಾಚಿನಲ್ಲಿ ಸೀಟು ಕಾಯ್ದಿಡಿ. ಇದರಲ್ಲಿ ನಿಮಗೆ ಹೇಳಿಕೊಳ್ಳುವಂಥ ಖರ್ಚು ಬೀಳುವುದು ಬೇಲಿಗೆ ಮತ್ತು ಕೋಣೆಗೆ. ಉಳಿದದ್ದಕ್ಕೆ ಮನಸ್ಸು ಮಾಡಿದರೆ ಸಾಕು, ಬರುವ ಬೇಸಿಗೆ ರಜೆಯೊಳಗೆ ಮಾಡಿಮುಗಿಸಬಹುದು.